ಎರಡು ರಿವಾಲ್ವರ್‌ಗಳ ತೂಕ

ಚುನಾವಣೆ ಬಂತೆಂದರೆ ಲೈಸೆನ್ಸಿನ ಬಂದೂಕುಗಳೆಲ್ಲ ಪೊಲೀಸ್ ಠಾಣೆ ಸೇರಬೇಕು. ಕಾಫಿ ತೋಟದ ಉತ್ತಯ್ಯನೂ ತನ್ನ ಎರಡು ರಿವಾಲ್ವರ್‌ಗಳನ್ನು, ಹಳೆಯದೊಂದು ಹೊಸದೊಂದು, ತಂದೊಪ್ಪಿಸಿದ. ಇದು ಎಷ್ಟನೇ ಚುನಾವಣೆಯೋ ಹಳೆಯದಕ್ಕೆ ನೆನಪಿರಲಿಲ್ಲ. ಠಾಣೆಯ ಕಪಾಟಿನಲ್ಲಿ ಸುಮ್ಮನೆ ಒರಗಿಕೊಂಡಿತು.

"ನನ್ನದೂ ನಿನ್ನಷ್ಟೇ ದಪ್ಪ ಗುಂಡು, ಅಣ್ಣಾ. ತೂಕ ಮಾತ್ರ ನಿನ್ನ ಅರ್ಧ. ಸೊಂಟದಲ್ಲಿದ್ದರೂ ಧಣಿಗಳಿಗೆ ಗೊತ್ತಾಗುವುದಿಲ್ಲ," ಎಂದಿತು ಹೊಸದು.

"ನಾನು ಬಂದಾಗಲೂ ಹಗುರ ಅಂತಲೇ ಹೊಗಳಿದ್ದರು. ಇರಲಿ, ನಿನ್ನನ್ನು ಹಾರಿಸಿದರೇ?"

"ಒಂದೇ ಸಲ. ಆಮೇಲೆ ಯಾಕೋ ಮುಟ್ಟಲಿಲ್ಲ."

"ನಾವು ಹಗುರಾದಷ್ಟೂ ಗುಂಡಿನ ಒದೆತ ಅವರ ಕೈಗೇ ಬೀಳುತ್ತದಪ್ಪ," ಎಂದು ಹಳೆಯದು ಆಕಳಿಸಿತು.

ಹೊಸದು ನಂಬಲಿಲ್ಲ.

ಮತ ಎಣಿಕೆ ಮುಗಿದ ಮೇಲೆ ಉತ್ತಯ್ಯ ಬಂದ. ಬಲ ಮಣಿಕಟ್ಟಿನ ಬ್ಯಾಂಡೇಜು ಇನ್ನೂ ಬಿಚ್ಚಿರಲಿಲ್ಲ. ಹೊಸದನ್ನು ಎಡಗೈಯಲ್ಲಿ ತೂಗಿ ನೋಡಿ ಹೆಡ್ ಕಾನ್‌ಸ್ಟೆಬಲ್‌ಗೆ ಹೇಳಿದ: "ಇದೂ ಭಾರವೇ ಸಾರ್. ಇನ್ನೂ ಹಗುರದ್ದು ಬಂದಿದೆಯಂತೆ. ಅದನ್ನೇ ತರಿಸುತ್ತಿದ್ದೇನೆ."

ಚೀಲದೊಳಗೆ ಹಳೆಯದು ಕೊಂಚ ಸರಿದು ಜಾಗ ಬಿಟ್ಟಿತು.

"ಬಾ ತಮ್ಮಾ. ಇನ್ನು ಮೇಲೆ ನೀನೂ ಹಳೆಯದೇ."