ಸಿಡಿಯದ ಗುಂಡು

ಶಿಷ್ಯ ಮರುಳಸಿದ್ಧ ಗುರುಗಳನ್ನು ಕೇಳಿದ: "ಗುರುಗಳೇ, ಕೋಪದಲ್ಲಿ ಮಾಡಲು ಹೋದ ಕೇಡು ನಡೆಯದೇ ಹೋದರೆ ಅದಕ್ಕೂ ಪಶ್ಚಾತ್ತಾಪ ಪಡಬೇಕೇ? ಯಾರಿಗೂ ಏನೂ ಆಗಿರುವುದಿಲ್ಲವಲ್ಲ."

ಹಿಂದಿನ ದಿನ ಅವನು ಮಠದ ಅಡುಗೆಯವರ ಮೇಲೆ ಸಿಟ್ಟಾಗಿ ಸೌದೆಯ ತುಂಡೊಂದನ್ನು ಬೀಸಿ ಎಸೆದಿದ್ದ. ಅದು ಗುರಿ ತಪ್ಪಿ ಗೋಡೆಗೆ ಬಡಿದಿತ್ತು. ವಿಷಯ ಗುರುಗಳ ಕಿವಿಗೆ ಬಿದ್ದಿತ್ತು. ಆದರೂ ಅವರು ಆ ಮಾತು ಎತ್ತಲಿಲ್ಲ. ಕುಳಿತುಕೋ ಎಂದು ಕೈ ತೋರಿಸಿ ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಚಂಬಣ್ಣನೆಂಬ ಹತ್ತಿ ವರ್ತಕನಿದ್ದ. ಅವನ ಅಂಗಡಿಯ ಪಕ್ಕದಲ್ಲೇ ಪಾಂಡಪ್ಪನೆಂಬ ದರ್ಜಿಯ ಅಂಗಡಿ. ಇಬ್ಬರೂ ಒಂದೇ ಓಣಿಯಲ್ಲಿ ಆಡಿ ಬೆಳೆದವರು. ವ್ಯಾಪಾರವಿಲ್ಲದ ಹೊತ್ತಿನಲ್ಲಿ ವರ್ತಕ ದರ್ಜಿಯ ಅಂಗಡಿಗೆ ಬಂದು ಹೊಲಿಗೆ ಯಂತ್ರದ ಪಕ್ಕದ ಬೆಂಚಿನ ಮೇಲೆ ಕೂರುತ್ತಿದ್ದ. ಮಾತಿದ್ದರೆ ಆಡುತ್ತಿದ್ದರು. ಇಲ್ಲದಿದ್ದರೆ ಸುಮ್ಮನೆ ಇರುತ್ತಿದ್ದರು.

ಒಮ್ಮೆ ಹತ್ತಿ ಮಾರಿ ಬರುವಾಗ ಕಳ್ಳರು ವರ್ತಕನನ್ನು ದಾರಿಯಲ್ಲಿ ಅಡ್ಡಗಟ್ಟಿದರು. ಹೊಡೆದು, ಇದ್ದದ್ದನ್ನೆಲ್ಲ ಕಿತ್ತುಕೊಂಡು ಹೋದರು. ಗಾಯ ಬೇಗ ಮಾಯಿತು, ಹೆದರಿಕೆ ಹೋಗಲಿಲ್ಲ. ಅವನು ಕಚೇರಿಗಳಿಗೆ ಅಲೆದು ಪರವಾನಗಿ ಮಾಡಿಸಿಕೊಂಡು, ದೊಡ್ಡ ಊರಿನಿಂದ ಒಂದು ಹೊಸ ರಿವಾಲ್ವರ್ ಕೊಂಡು ತಂದ. ತಂದವನು ಮನೆಗೂ ಹೋಗದೆ ನೇರವಾಗಿ ಗೆಳೆಯನ ಅಂಗಡಿಗೆ ಬಂದ.

ಅಂಗಡಿಯಲ್ಲಿ ನಾಲ್ಕಾರು ಜನ ಗಿರಾಕಿಗಳಿದ್ದರು. ವರ್ತಕ ಎಲ್ಲರಿಗೂ ಕಾಣುವಂತೆ ರಿವಾಲ್ವರನ್ನು ಬಿಚ್ಚಿ, ಒಂದೊಂದಾಗಿ ಗುಂಡು ತುಂಬಿ ತೋರಿಸಿದ. ದರ್ಜಿ ನಕ್ಕ.

"ಚಂಬಣ್ಣ, ಅಂದು ಕಳ್ಳರ ಕಾಲು ಹಿಡಿದು ಅತ್ತವನು ನೀನು. ಇದು ಕೈಯಲ್ಲಿದ್ದರೂ ಅಳುವುದನ್ನೇ ಮಾಡುತ್ತೀಯ" ಎಂದ.

ಜನರೆಲ್ಲ ನಕ್ಕರು. ಕಾಲು ಹಿಡಿದ ಸಂಗತಿಯನ್ನು ವರ್ತಕ ಹೆಂಡತಿಗೂ ಹೇಳಿರಲಿಲ್ಲ. ಈ ಗೆಳೆಯನೊಬ್ಬನಿಗೆ ಮಾತ್ರ ಹೇಳಿಕೊಂಡಿದ್ದ. ಅವನ ಮೈ ಉರಿಯಿತು. ರಿವಾಲ್ವರನ್ನು ಎತ್ತಿ ದರ್ಜಿಯ ಎದೆಗೆ ಹಿಡಿದ. ನಗು ನಿಂತಿತು. ದರ್ಜಿ ಕೂತಲ್ಲೇ ಕೂತು ಅವನ ಮುಖವನ್ನೇ ನೋಡಿದ. ಆಗಲೂ ವರ್ತಕ ಕೈ ಇಳಿಸಬಹುದಿತ್ತು. ಅವನ ಬೆರಳು ರಿವಾಲ್ವರಿನ ಕುದುರೆಯನ್ನು ಎಳೆಯಿತು.

ಟಕ್ ಎಂದಿತು. ಗುಂಡು ಹಾರಲಿಲ್ಲ.

"ಹೆದರಿಬಿಟ್ಟೆಯಾ? ತಮಾಷೆಗೆ ಮಾಡಿದೆ" ಎಂದು ವರ್ತಕ ನಗಲು ನೋಡಿದ. ಅವನ ಜೊತೆ ಯಾರೂ ನಗಲಿಲ್ಲ. ಗುಂಡು ತುಂಬಿದ್ದನ್ನು ಎಲ್ಲರೂ ನೋಡಿದ್ದರು.

ಮರುದಿನ ಅವನು ರಿವಾಲ್ವರನ್ನು ಕೊಂಡ ಅಂಗಡಿಗೆ ಒಯ್ದ. ರಿಪೇರಿಯವನು ಅದನ್ನು ಬಿಚ್ಚಿ, ಗುಂಡಿನ ಹಿಂಬದಿಗೆ ಬಡಿಯಬೇಕಾದ ಸಣ್ಣ ಮೊಳೆಯನ್ನು ತೆಗೆದು ತೋರಿಸಿದ. ಅದು ಇರಬೇಕಾದ್ದಕ್ಕಿಂತ ಗಿಡ್ಡವಾಗಿತ್ತು. ಮಾಡಿದವರಿಂದಲೇ ಆದ ದೋಷ, ಎಷ್ಟು ಸಲ ಎಳೆದರೂ ಇದರಿಂದ ಗುಂಡು ಹಾರುವುದು ಸಾಧ್ಯವಿರಲಿಲ್ಲ ಎಂದ. ಅಂಗಡಿಯ ಯಜಮಾನ ನಾಚಿಕೊಂಡು, ಬೇರೆ ರಿವಾಲ್ವರ್ ಕೊಡುತ್ತೇನೆ ಎಂದ. ಬೇರೆಯವರಾಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದರು. ವರ್ತಕನಿಗೆ ಹೋದ ಜೀವ ಬಂದಂತಾಯಿತು. ಅವನು ರಿವಾಲ್ವರನ್ನು ಅಲ್ಲೇ ಬಿಟ್ಟ, ಬೇರೆಯದೂ ಬೇಡವೆಂದ. ಆ ಗಿಡ್ಡ ಮೊಳೆಯೊಂದನ್ನು ಕೇಳಿ ಪಡೆದು, ಕಾಗದದಲ್ಲಿ ಸುತ್ತಿಕೊಂಡು ದರ್ಜಿಯ ಬಳಿಗೆ ಓಡಿದ.

"ನೋಡು ಪಾಂಡಪ್ಪ, ಇದರಿಂದ ಗುಂಡು ಹಾರುವ ಹಾಗೇ ಇರಲಿಲ್ಲ. ನಿನಗೆ ಏನೂ ಆಗುತ್ತಿರಲಿಲ್ಲ."

ದರ್ಜಿ ಮೊಳೆಯನ್ನು ಅಂಗೈ ಮೇಲಿಟ್ಟುಕೊಂಡು ನೋಡಿದ.

"ಇದು ಗಿಡ್ಡವಿದೆಯೆಂದು ನಿನ್ನೆ ನಿನಗೆ ಗೊತ್ತಿತ್ತೇ?" ಎಂದು ಕೇಳಿದ.

ದರ್ಜಿ ಮೊಳೆಯನ್ನು ವರ್ತಕನ ಕೈಗೆ ಹಿಂದಿರುಗಿಸಿದ. "ಹೋಗಲಿ, ನಾಲ್ಕು ಜನರ ಮುಂದೆ ನಾನೂ ಆ ಮಾತು ಆಡಬಾರದಿತ್ತು. ತಪ್ಪಾಯಿತು" ಎಂದು ಚಹಾ ತರಿಸಿದ. ವರ್ತಕ ಚಹಾ ಕುಡಿದು ಎದ್ದುಬಂದ. ಎಲ್ಲ ಸರಿಹೋಯಿತು ಎಂದುಕೊಂಡ.

ದೀಪಾವಳಿ ಬಂತು. ವರ್ತಕ ಎಂದಿನಂತೆ ಅಂಗಿ ಹೊಲಿಸಲು ಬಟ್ಟೆ ತಂದ. ದರ್ಜಿ ಎದ್ದು ಅಳತೆ ಪಟ್ಟಿ ಹಿಡಿದು, ಕೈ ಎತ್ತು ಎಂದ. ವರ್ತಕ ಬಲಗೈ ಎತ್ತಿದ. ಎತ್ತಿದೊಡನೆ ದರ್ಜಿಯ ಮುಖ ತಾನಾಗಿಯೇ ಪಕ್ಕಕ್ಕೆ ಸರಿಯಿತು. ಪಟ್ಟಿ ಕೈಯಿಂದ ಜಾರಿ ಬಿತ್ತು. ಅದನ್ನು ಇಬ್ಬರೂ ಕಂಡರು.

"ನಿನ್ನ ಹಳೆಯ ಅಳತೆ ಇದೆಯಲ್ಲ, ಅದೇ ಸಾಕು" ಎಂದ ದರ್ಜಿ.

ಆಮೇಲೆ ಅವನು ವರ್ತಕನ ಅಳತೆ ತೆಗೆಯಲೇ ಇಲ್ಲ. ವರ್ಷ ಕಳೆದಂತೆ ವರ್ತಕನ ಮೈ ತುಂಬಿತು. ಹಳೆಯ ಅಳತೆಗೆ ಹೊಲಿದ ಅಂಗಿಗಳು ಬಿಗಿಯಾದವು. ಅವನು ಬಿಗಿ ಅಂಗಿಯನ್ನೇ ತೊಟ್ಟುಕೊಂಡು ಓಡಾಡಿದ. ಬೇರೆ ದರ್ಜಿಯ ಬಳಿಗೆ ಹೋಗಲು ಮನಸ್ಸು ಬರಲಿಲ್ಲ, ಹೊಸ ಅಳತೆ ತೆಗೆ ಎಂದು ಕೇಳಲು ಧೈರ್ಯ ಬರಲಿಲ್ಲ. ಬೆಂಚಿನ ಮೇಲೆ ಕೂರುವುದನ್ನು ಮಾತ್ರ ಬಿಡಲಿಲ್ಲ. ಕೂತಾಗ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡಿರುತ್ತಿದ್ದ. ಎಷ್ಟೋ ಸಲ ಏನನ್ನೋ ಹೇಳಬೇಕೆಂದು ಬಾಯಿ ತೆರೆದ. ಏನೂ ಆಗಿಲ್ಲದಿರುವಾಗ ಏನೆಂದು ಹೇಳುವುದು ಎಂದು ಸುಮ್ಮನಾದ.

ಹೀಗೇ ಇಬ್ಬರಿಗೂ ವಯಸ್ಸಾಯಿತು. ಒಂದು ಮಳೆಗಾಲದಲ್ಲಿ ದರ್ಜಿ ಜ್ವರ ಬಂದು ತೀರಿಕೊಂಡ. ವರ್ತಕ ಹೋಗಿ, ಹೂವು ಹಾಕಲು ಅವನ ಮುಖದ ಮೇಲೆ ಕೈ ಎತ್ತಿದ. ಆ ಮುಖ ಪಕ್ಕಕ್ಕೆ ಸರಿಯಲಿಲ್ಲ. ವರ್ತಕ ಹೂವನ್ನು ಹಿಡಿದುಕೊಂಡೇ ಅಲ್ಲಿ ಕುಸಿದು ಕೂತ.

ಗುರುಗಳು ಕತೆ ನಿಲ್ಲಿಸಿದರು. ಮರುಳಸಿದ್ಧನಿಗೆ ಸಮಾಧಾನವಾಗಲಿಲ್ಲ.

"ಗುಂಡು ಹಾರಲೇ ಇಲ್ಲವಲ್ಲ ಗುರುಗಳೇ. ಅಷ್ಟು ವರ್ಷಗಳ ಗೆಳೆಯ ಬೇರೆ. ಆ ದರ್ಜಿ ಕ್ಷಮಿಸಬಹುದಿತ್ತು" ಎಂದ.

ಗುರುಗಳು ಹೇಳಿದರು: "ಕ್ಷಮಿಸುತ್ತಿದ್ದ ಮಗು, ವರ್ತಕ ಕೇಳಿದ್ದರೆ."