ನಾಲ್ಕು ಬಾಯಿಗೆ ಪೆಟ್ರೋಲು ಬಡಿಸಿದ ಭರಮ್ಯಾ

“ಯಣ್ಣಾ, ಕೋಡಿಹಾಳಕ್ಕ ಇದ ದಾರಿ ಏನು?”

ಇಟ್ಟಿಗೆ ಭಟ್ಟಿಯವನು ನಕ್ಕ. “ಕೋಡಿಹಾಳ ಹಿಂದ ಉಳೀತಲ್ಲ ಯಕ್ಕಾ! ಬೋರ್ಡ್ ನೋಡಲಿಲ್ಲೇನು?”

ದುಂಡವ್ವ ಪಕ್ಕದ ಸೀಟಿನ ಕಡೆ ತಿರುಗಿದಳು. ಅವಳ ಒಬ್ಬನೇ ಮಗ ಭರಮ್ಯಾ, ಇಪ್ಪತ್ತಾರು ವರ್ಷದ ಕೋಣ, ನೆಟ್ಟಗೆ ಕೂತಿದ್ದ.

“ಬೋರ್ಡ್ ಬಂದ್ರ ಓದು ಅಂದಿದ್ನಲ್ಲೋ!”

“ಓದಿದೆನಲ್ಲಬೇ.”

“ಯಾವಾಗ?”

“ಬಂದಾಗ. ಮನಸಿನ್ಯಾಗ.”

ಲಾರಿಗಳ ಬೆನ್ನು ಹತ್ತಿ, ಅವನ್ನು ರಿಪೇರಿ ಮಾಡುತ್ತ ನೇಪಾಳದ ಗಡಿ ಕಂಡು ಬಂದ ಹೆಂಗಸು ಅವಳು. ಎಲ್ಲೂ ದಾರಿ ತಪ್ಪಿದವಳಲ್ಲ. ಮಗನನ್ನು ಕೂರಿಸಿಕೊಂಡು ಇಪ್ಪತ್ತು ಮೈಲಿ ಬಂದಳು, ತಪ್ಪಿದಳು.

ಅವಸರವೂ ಅಂಥಾದ್ದೇ. ಹೆಂಗಸಿನ ಕೈಗೆ ನಟ್ಟು ತಿರುವುವ ಪಾನಾ ಯಾಕೆ ಎಂದು ಊರೆಲ್ಲ ಆಡಿಕೊಂಡಾಗ, ಅದೇ ಪಾನಾ ಕೊಟ್ಟು ಕಸುಬು ಕಲಿಸಿದವರು ಲಾಲಸಾಬ್ ಉಸ್ತಾದರು. ಅವರ ಕಾರು ಒಂಬತ್ತು ವರ್ಷದಿಂದ ಸತ್ತು ಬಿದ್ದಿತ್ತು. “ನಿಮ್ಮ ಮೊಮ್ಮಗಳು ಇದರಾಗ ಗಂಡನ ಮನಿಗೆ ಹೊಕ್ಕಾಳರಿ” ಎಂದು ದುಂಡವ್ವ ಮಾತು ಕೊಟ್ಟಿದ್ದಳು. ಈಗ ಅದೇ ಕಾರಿಗೆ ಜೀವ ಬರಿಸಿ, ತಾನೇ ಓಡಿಸಿಕೊಂಡು ಹೊರಟಿದ್ದಳು. ಇವತ್ತು ನಾಲ್ಕಕ್ಕೆ ಕೋಡಿಹಾಳದಿಂದ ಮದುಮಗಳು ಹೊರಡಬೇಕು.

ಗಾಡಿ ತಿರುಗಿಸಿದಳೋ ಇಲ್ಲವೋ, ಎಂಜಿನ್ ಕೆಮ್ಮಿತು. ಹಿಂದೆ ಕರಿ ಹೊಗೆ!

ಹಳೇ ಎಂಜಿನ್ನಿಗೆ ಅವಳು ಹೊಸ ಕಂಪ್ಯೂಟರ್ ಪೆಟ್ಟಿಗೆ ಕೂರಿಸಿದ್ದಳು. ನಾಲ್ಕು ಸಿಲಿಂಡರಿಗೆ ನಾಲ್ಕು ಇಂಜೆಕ್ಟರು. ಪೆಟ್ರೋಲು ನಾಲ್ಕಕ್ಕೂ ಕೂಡಿ ಚಿಮ್ಮಬೇಕೋ, ಜೋಡಿ ಜೋಡಿಯಾಗಿಯೋ, ಒಂದೊಂದಕ್ಕೇ ಸರದಿಯಲ್ಲೋ, ಪೆಟ್ಟಿಗೆಗೆ ಹೇಳಿದಂತೆ. ಅವಳು ಇಟ್ಟದ್ದು ಸರದಿಗೆ. ಈಗ ಲ್ಯಾಪ್‌ಟಾಪು ಹಚ್ಚಿ ನೋಡಿದರೆ ನಾಲ್ಕಕ್ಕೂ ಕೂಡಿ! ಅದೂ ಒಂದು ಊಟದ ಹೊತ್ತಿನಲ್ಲಿ ಎರಡು ಊಟ! ಅರಗದ ಪೆಟ್ರೋಲೇ ಆ ಹೊಗೆ.

“ಯಾರ್ ಮುಟ್ಟಿದ್ದು ಇದನ್ನ?”

“ನಾನ. ನಿನ್ನೆ ಕೆಲಸದವರಿಗೆ ಒಬ್ಬೊಬ್ಬರಿಗೇ ಬಡಿಸಿದ್ದಕ್ಕ ಬೈದಿಯಲ್ಲಬೇ! ಎಲ್ಲಾರಿಗೂ ಕೂಡೇ ಬಡಸಬೇಕು ಅಂದಿ!”

“ಅದು ಮಂದಿಗೆಲೇ, ಮಂಗ್ಯಾ! ಇಲ್ಲಿ ಯಾರು ಬಾಯಿ ತೆರೀತಾರೋ ಅವರಿಗೆ, ತೆರೆದಾಗ, ಒಂದ ಗುಟುಕು! ತಿಳೀತಾ?”

“ತಿಳೀತು.”

ದುಂಡವ್ವನಿಗೆ ಅದೇ ಅಂಜಿಕೆ. ಅವನಿಗೆ ತಿಳಿದಾಗಲೆಲ್ಲ ಏನಾದರೊಂದು ಆಗುತ್ತದೆ.

ಸರದಿಗೆ ತಿರುಗಿಸಿಟ್ಟು, ಮೂರೂವರೆಗೆ ಕೋಡಿಹಾಳ ಮುಟ್ಟಿದಳು. ಉಸ್ತಾದರ ಅಂಗಳ ತುಂಬ ಜನ. ಯಾರೋ ಭರಮ್ಯಾನ ಕೈಗೆ ಶರಬತ್ತಿನ ಜಗ್ಗು ಕೊಟ್ಟರು. ಮದುಮಗನ ಅಪ್ಪ ದಣಿದು ಕುರ್ಚಿಯಲ್ಲಿ ಕೂತವರು, ಆಕಳಿಸಿದರು.

ಭರಮ್ಯಾ ಸುರಿದ. ಒಂದೇ ಗುಟುಕು.

“ಯಾ ಅಲ್ಲಾ! ಯಾರಿವ?” ಬಿಳಿ ಶೇರವಾನಿ ಕೆಂಪು!

ದುಂಡವ್ವ ಕೈಮುಗಿದು, ಕ್ಷಮೆ ಕೇಳಿ, ಮಗನನ್ನು ಮೂಲೆಗೆ ಎಳೆದಳು. “ಬೀಗರಲೇ ಅವರು! ದೊಡ್ಡವರಿಗೆ ಮೊದಲು ಕೊಡಬೇಕು, ಮರ್ಯಾದೀಲೆ! ಅವರದು ಮುಗಿಯೂತನಾ ಉಳಿದವರು ಕಾಯಬೇಕು!”

“ದೊಡ್ಡವರಿಗೆ ಮೊದಲು. ತಿಳೀತು.”

ನಾಲ್ಕು ಹೊಡೆಯಿತು. ಮದುಮಕ್ಕಳು ಕಾರು ಹತ್ತಿದರು. ಮದುಮಗನ ಅಣ್ಣ ಚಾವಿ ತಿರುಗಿಸಿದ. ಡುಗ್... ಡುಗ್... ಎಂಜಿನ್ ಸತ್ತಿತು.

ಬಾನೆಟ್ ಎತ್ತಿದರೆ, ಒಂದನೇ ಇಂಜೆಕ್ಟರಿಗೆ ಮಾತ್ರ ವೈರು. ಉಳಿದ ಮೂರೂ ವೈರು ಕಿತ್ತು ಜೋತಾಡುತ್ತಿವೆ!

“ಒಂದನೇದು ದೊಡ್ಡದಲ್ಲಬೇ” ಎಂದ ಭರಮ್ಯಾ. “ಅದು ಉಣ್ಣಲಿ. ಆಮ್ಯಾಲೆ ಇವಕ್ಕ.”

ಬೀಗರು ಬಾಡಿಗೆ ಕಾರಿಗೆ ಫೋನ್ ಹಚ್ಚಿದರು. ಉಸ್ತಾದರು ತಲೆ ತಗ್ಗಿಸಿದರು. ದುಂಡವ್ವ ಬಾನೆಟ್ಟಿನೊಳಗೆ ತಲೆ ತೂರಿಸಿ, ಮಗನ ಕಡೆ ನೋಡದೆಯೇ ಅಂದಳು.

“ಹೋಗಪ್ಪಾ. ಕಾರಿನಾಗ ಕೂಡು. ಕೈ ಕಟ್ಟಿಕೊಂಡು. ಯಾರೇನಂದ್ರೂ ಇಳೀಬ್ಯಾಡ.”

ಟಕ್, ಟಕ್, ಟಕ್. ಮೂರೂ ವೈರು ಕೂರಿಸಿದಳು. ಎಂಜಿನ್ ಹಿಡಿಯಿತು. ಉಸ್ತಾದರು ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ಕೇಳಿದರು. ನಾಲ್ಕೂ ಸರದಿಯಲ್ಲಿ ಉಣ್ಣುತ್ತಿದ್ದವು. ಬೀಗರು ಫೋನ್ ಇಟ್ಟರು.

“ನಿಮ್ಮ ಋಣ ಮುಟ್ಟಿತೇನ್ರಿ ಉಸ್ತಾದ?”

“ಪೂರಾ ಮುಟ್ಟಿತು, ಬೇಟಿ.”

ಕಾರು ಹೊರಟಿತು. ಹೊಗೆಯಿಲ್ಲ, ಕೆಮ್ಮಿಲ್ಲ. ಹಿಂದಿನ ಗಾಜಿನಲ್ಲಿ ಮದುಮಗ, ಮದುಮಗಳು, ಇಬ್ಬರ ನಡುವೆ ಕೈ ಕಟ್ಟಿಕೊಂಡ ಭರಮ್ಯಾ!

“ಇಳಿಯೋ! ಇಳಿಯಲೇ!” ಇಡೀ ಅಂಗಳ ಕೂಗಿತು.

ಭರಮ್ಯಾ ತಿರುಗಿ ಅವ್ವನನ್ನು ನೋಡಿದ. ಇಲ್ಲ ಎಂದು ತಲೆಯಲ್ಲಾಡಿಸಿದ.