ಬಳೆಗಾರ್ತಿಯ ಕುದುರೆ ಮೇಲೆ ದಳವಾಯಿ

"ಕಿತ್ಕೊಂಡೆ ಅಂತ ಯಾರಂದದ್ದು? ಕುದುರೆ ತಾನಾಗೇ ನನ್ನ ಹಿಂದೆ ಬಂತು!"

ದಳವಾಯಿ ಉಗ್ರಪ್ಪ ಹೀಗೆ ಕಿರುಚಿದಾಗ ಕರಡಿಗುಡ್ಡದ ದರ್ಬಾರಿನಲ್ಲಿ ಯಾರೂ ಏನೂ ಕೇಳಿರಲಿಲ್ಲ. ಪಾಳೆಗಾರ ಜುಂಜಪ್ಪನಾಯಕ ಇನ್ನೂ ಬೆಳಗಿನ ಆಕಳಿಕೆಯನ್ನೇ ಮುಗಿಸಿರಲಿಲ್ಲ.

"ಬಂದಿರುತ್ತೆ ಬಿಡಿ," ಅಂದ ಕೊಟ್ರಪ್ಪ. "ಹಗ್ಗದ ಒಂದು ತುದಿ ನಿಮ್ಮ ಕೈಯಲ್ಲಿತ್ತು, ಅಷ್ಟೇ."

ಕೊಟ್ರಪ್ಪನ ಕೆಲಸ ದೊರೆಗೆ ಎಲೆಯಡಿಕೆ ಮಡಿಸಿಕೊಡೋದು. ಬಾಯಿ ತುಂಬ ಎಲೆ ಇದ್ದಾಗ ದೊರೆಗೆ ಮಾತಾಡೋಕಾಗಲ್ಲ. ಆಗ ಕೊಟ್ರಪ್ಪ ಮಾತಾಡ್ತಿದ್ದ.

ಕಂಬದ ಪಕ್ಕ ಬಳೆಗಾರ್ತಿ ಮುದ್ದವ್ವ ನಿಂತಿದ್ದಳು. ಅವಳ ಬುಟ್ಟಿಯಲ್ಲಿ ಬಳೆಗಿಂತ ಬಳೆಚೂರೇ ಜಾಸ್ತಿ.

"ನೋಡಿ ಬುದ್ಧೀ, ನನ್ನ ಕುದುರೆ ಚುಕ್ಕೀನ ಇವರು ಹಿಡ್ಕೊಂಡು ಹೋದ್ಮೇಲೆ ಗಾಡೀಲಿ ಸರಕು ತಂದೆ. ಈ ಗತಿ! ಹನ್ನೆರಡು ವರ್ಷ ಅವಳ ಬೆನ್ನ ಮೇಲೆ ತಂದೀನಿ, ಒಂದು ಬಳೆ ಬಿರುಕು ಬಿಟ್ಟಿಲ್ಲ. ಅವಳಿಲ್ಲ ಅಂದ್ರೆ ನನ್ನ ಕಸುಬೇ ಮುಗೀತು."

"ಅದಕ್ಕೇ ದೊರೆ, ಅದು ನಮ್ಮ ಸೈನ್ಯಕ್ಕೆ ಬೇಕು!" ಉಗ್ರಪ್ಪನ ಕಣ್ಣು ಅರ್ಧ ಮುಚ್ಚಿತು. "ಬೇರೆ ಕುದುರೆ ಓಡಿದರೆ ಮೇಲೆ ಕೂತವನು ಒರಳಿಗೆ ಬಿದ್ದ ಭತ್ತ. ಇದು ಹಾಗಲ್ಲ. ಒಂದು ಬದಿಯ ಎರಡೂ ಕಾಲನ್ನ ಒಟ್ಟಿಗೆ ಎತ್ತಿಡುತ್ತೆ, ಆಮೇಲೆ ಇನ್ನೊಂದು ಬದಿಯದು. ಸೊಂಟ ಅಲ್ಲಾಡಲ್ಲ, ರುಮಾಲು ಅಲ್ಲಾಡಲ್ಲ. ನೀರಿನ ಮೇಲೆ ತೆಪ್ಪ! ಯಾರೂ ಕಲಿಸಬೇಕಾಗಿಲ್ಲ. ಈ ತಳಿಯ ಮರಿ ಎದ್ದು ನಿಂತ ದಿನದಿಂದಲೇ ಹಾಗೆ ನಡೆಯುತ್ತೆ."

ದಳವಾಯಿ ಬಾಯಲ್ಲಿ ಇಷ್ಟು ಕವಿತ್ವ ಯಾಕೆ ಅಂತ ಇಡೀ ಕೋಟೆಗೆ ಗೊತ್ತಿತ್ತು. ಅವನಿಗೆ ಮೂಲವ್ಯಾಧಿ. ಅದು ಗುಟ್ಟು ಅಂತ ನಂಬಿದ್ದವನು ಅವನೊಬ್ಬನೇ.

ದೊರೆ ತಲೆ ಕೆರೆದುಕೊಂಡ. "ಸೈನ್ಯಕ್ಕೆ ಆಗೋ ಕುದುರೇನ ಸೈನ್ಯ ತಗೋಬಹುದು ಅಂತ ನಮ್ಮಜ್ಜನ ಕಾಲದ ಕಟ್ಟಳೆ, ಮುದ್ದವ್ವ. ನಾನೇನು ಮಾಡ್ಲಿ?"

ಕೊಟ್ರಪ್ಪ ದೊಡ್ಡದೊಂದು ಎಲೆ ಮಡಿಸಿ ದೊರೆಯ ಬಾಯಿಗಿಟ್ಟ.

"ಆಗುತ್ತೋ ಇಲ್ವೋ ನೋಡೇಬಿಡೋಣ ಬುದ್ಧಿ. ದಳವಾಯಿಗಳು ಆ ಕುದುರೆ ಮೇಲೆ ಕೂತು, ಒಂದು ಬಟ್ಟಲು ಮಜ್ಜಿಗೆ ಹಿಡ್ಕೊಂಡು, ಪೇಟೆ ಬೀದೀಲಿ ಊರಬಾಗಿಲ ತನಕ ಹೋಗಿ ಬರಲಿ. ಒಂದು ಹನಿ ಚೆಲ್ಲಬಾರದು. ಬಂದಮೇಲೆ ನೀವೇ ತೀರ್ಮಾನ ಹೇಳಿ."

"ಒಂದ್ಯಾಕೋ? ಎರಡು ಕೊಡು, ಎರಡೂ ಕೈಲಿ ಹಿಡೀತೀನಿ!" ಅಂದ ಉಗ್ರಪ್ಪ.

"ದಳವಾಯಿಗಳು ಹೇಳಿದ ಮೇಲೆ ಇಲ್ಲ ಅನ್ನೋಕಾಗುತ್ತಾ!" ಅಂದ ಕೊಟ್ರಪ್ಪ.

ಮುದ್ದವ್ವ ಕೊಟ್ರಪ್ಪನ ರಟ್ಟೆ ಹಿಡಿದು ಎಳೆದಳು. "ಮನೆಹಾಳ, ಅವಳು ಒಂದು ಹನೀನೂ ಚೆಲ್ಲಲ್ಲ ಕಣೋ!"

"ಚೆಲ್ಲದೇ ಇರ್ಲಿ ಅಂತಾನೇ ನಾನೂ ಬೇಡ್ಕೊಳ್ತಿದೀನಿ ಅವ್ವ. ಆ ಬೀದೀಲಿ ನೀನು ಬಳೆ ತೊಡಿಸೋ ಮನೆ ಎಷ್ಟು?"

"ನಲವತ್ತು. ಯಾಕೆ?"

ಕೊಟ್ರಪ್ಪ ಆಗಲೇ ಮಜ್ಜಿಗೆ ತರೋಕೆ ಓಡಿದ್ದ. ಎಲ್ಲರೂ ಕೋಟೆಯ ಮೇಲೆ ಹತ್ತಿ ನೋಡುತ್ತಾ ನಿಂತರು.

ಉಗ್ರಪ್ಪ ಹೊರಟ. ಎಂಥಾ ನಡಿಗೆ! ಬಟ್ಟಲಿನ ಮಜ್ಜಿಗೆ ನಿದ್ದೆ ಮಾಡ್ತಿತ್ತು. ಮೊದಲ ಮನೆ ಬಂತು. ಚುಕ್ಕಿ ನಿಂತಿತು.

"ಹೂಂ, ನಡಿ!"

ಚುಕ್ಕಿ ಕಿವಿ ಕೂಡ ಅಲ್ಲಾಡಿಸಲಿಲ್ಲ. ಬಾಗಿಲು ತೆರೀತು. ಒಬ್ಬ ಹೆಂಗಸು ಸೆರಗಲ್ಲಿ ಕೈ ಒರೆಸಿಕೊಂಡು ಬಂದು ಎರಡೂ ಕೈ ಮುಂದೆ ಚಾಚಿದಳು.

"ಮುದ್ದವ್ವ ಎಲ್ಲಿ? ನೀನು ಹೊಸ ಬಳೆಗಾರನೇನಪ್ಪ?"

"ನಾನು ದಳವಾಯಿ!"

"ಇರ್ಲಿ ಬಿಡು. ಹಸಿರು ಬಳೆ ಐತಾ?"

ಉಗ್ರಪ್ಪ ಒದೆಯೋಣ ಅಂತ ಹಿಮ್ಮಡಿ ಎತ್ತಿದ. ಮಜ್ಜಿಗೆ ಬಟ್ಟಲ ಅಂಚಿಗೆ ಬಂತು. ಹಿಮ್ಮಡಿ ಇಳಿಸಿದ. ಲಗಾಮು ಎಳೆಯೋಕೆ ಮೂರನೇ ಕೈ ಇರಲಿಲ್ಲ.

"ಹಸಿರು ಇಲ್ವಾ? ಹಂಗಾದ್ರೆ ಇವತ್ತು ಬ್ಯಾಡ, ಮುಂದಿನ ಸಂತೆಗೆ ಬಾ," ಅಂದಳು ಹೆಂಗಸು.

ಆ ಮಾತು ಕಿವಿಗೆ ಬಿದ್ದದ್ದೇ ತಡ, ಚುಕ್ಕಿ ತೆಪ್ಪದ ಹಾಗೆ ತೇಲಿಕೊಂಡು ಹೋಗಿ ಪಕ್ಕದ ಮನೆ ಮುಂದೆ ನಿಂತಿತು.

ಐದನೇ ಮನೆ ಹೊತ್ತಿಗೆ ಉಗ್ರಪ್ಪನಿಗೆ ಮಂತ್ರ ತಿಳೀತು. "ತಾಯೀ, 'ಇವತ್ತು ಬ್ಯಾಡ' ಅನ್ನು ತಾಯೀ!" ಕೈ ಮುಗಿಯೋಣ ಅಂದರೆ ಕೈಯಲ್ಲಿ ಬಟ್ಟಲು. ಒಂದು ಮನೇಲಿ ಅತ್ತೆ ಬೇಡ ಅಂದಳು, ಸೊಸೆ ಬೇಕು ಅಂದಳು. ಅವರ ಜಗಳ ಮುಗಿಯೋ ತನಕ ಕಾದ. ಇನ್ನೊಂದು ಮನೆಗೆ ಬೀಗ. ಮನೆಯಾಕೆ ಬಾವಿಯಿಂದ ಬಂದು, ಕೊಡ ಇಳಿಸಿ, ಸುಧಾರಿಸಿಕೊಂಡು, "ಇವತ್ತು ಬ್ಯಾಡ" ಅನ್ನೋವರೆಗೂ ದಳವಾಯಿ ಬಿಸಿಲಲ್ಲಿ ಎರಡು ಬಟ್ಟಲು ಹಿಡಿದ ಗೊಂಬೆಯ ಹಾಗೆ ಕೂತಿದ್ದ.

ಬೆಳಗ್ಗೆ ಹೋದವನು ವಾಪಸ್ ಬಂದಾಗ ನಡುಮಧ್ಯಾಹ್ನ ದಾಟಿತ್ತು. ಮೋರೆ ಕೆಂಡ. ಆದರೂ ದರ್ಬಾರಿಗೆ ಬಂದು ಬಟ್ಟಲು ಎರಡನ್ನೂ ದೊರೆಯ ಮುಂದೆ ಇಟ್ಟ.

"ಒಂದು ಹನಿ ಚೆಲ್ಲಿಲ್ಲ! ಕುದುರೆ ಸೈನ್ಯದ್ದು!"

ಬಾಯಲ್ಲಿ ಹೊಸ ಎಲೆ ತುಂಬಿಕೊಂಡಿದ್ದ ದೊರೆ ಕೊಟ್ರಪ್ಪನ ಕಡೆ ನೋಡಿದ.

"ಸೈನ್ಯಕ್ಕೆ ಹೇಳಿ ಮಾಡಿಸಿದ ಕುದುರೆ ಬುದ್ಧಿ," ಅಂದ ಕೊಟ್ರಪ್ಪ. "ಶತ್ರುಗಳ ಊರಿಗೆ ನುಗ್ಗಿದರೆ ಒಂದು ಮನೇನೂ ಬಿಡಲ್ಲ. ಎಲ್ಲರ ಬಾಗಿಲಿಗೂ ನಮ್ಮ ದಳವಾಯಿಗಳನ್ನ ಒಯ್ದು ನಿಲ್ಲಿಸುತ್ತೆ. ಒಂದೇ ಭಯ ನಂಗೆ. ಶತ್ರುಗಳು ಬಾಗಿಲು ತೆಗೆದು 'ಇವತ್ತು ಬ್ಯಾಡ, ಮುಂದಿನ ಸಂತೆಗೆ ಬಾ' ಅಂದ್ರೆ ಯುದ್ಧ ಮುಗೀತು!"

ದೊರೆಗೆ ನಗು ಎಷ್ಟು ಜೋರಾಗಿ ಬಂತು ಅಂದರೆ ಬಾಯಲ್ಲಿದ್ದ ಎಲೆ ನೆತ್ತಿಗೇರಿತು. ಕೆಮ್ಮಿ, ಕಣ್ಣೊರೆಸಿಕೊಂಡು, "ಮುದ್ದವ್ವ, ನಿನ್ನ ಚುಕ್ಕೀನ ಬಿಚ್ಕೊಂಡು ಹೋಗು. ಸೈನ್ಯದವರು ಯಾರೂ ಇನ್ನು ಅದರ ಬಾಲ ಮುಟ್ಟೋ ಹಾಗಿಲ್ಲ," ಅಂದ. "ಕೊಟ್ರಪ್ಪ, ನಿನಗೆ ನನ್ನ ಕೈಯ ಕಡಗ. ಜೊತೆಗೆ ಈ ಎರಡು ಬಟ್ಟಲು ಮಜ್ಜಿಗೇನೂ ನೀನೇ ಕುಡೀಬೇಕು."

ಅಷ್ಟು ಹೊತ್ತು ಬಿಸಿಲಲ್ಲಿದ್ದ ಮಜ್ಜಿಗೆ. ಮೊದಲ ಗುಟುಕಿಗೇ ಕೊಟ್ರಪ್ಪನ ಒಂದು ಕಣ್ಣು ಮುಚ್ಚಿಕೊಂಡಿತು.

ಉಗ್ರಪ್ಪ ಮಾತ್ರ ಆಚೆ ಹೋಗಲಿಲ್ಲ. ಮೆಲ್ಲಗೆ ಮುದ್ದವ್ವನ ಹತ್ತಿರ ಸರಿದು ಪಿಸುಗುಟ್ಟಿದ. "ಅವ್ವಾ, ವಾರಕ್ಕೊಂದು ದಿನ... ಸುಮ್ನೆ ಕೂತ್ಕೊಂಡು ಬರ್ತೀನಿ. ನನ್ನ ಕಷ್ಟ ನಿಂಗೊತ್ತಿಲ್ಲ."

"ಇಡೀ ಊರಿಗೇ ಗೊತ್ತೈತಿ ಬಿಡಪ್ಪ," ಅಂತ ಮುದ್ದವ್ವ ಅವನ ಬೆನ್ನು ತಟ್ಟಿದಳು. "ಇವತ್ತು ಬ್ಯಾಡ, ಮುಂದಿನ ಸಂತೆಗೆ ಬಾ."

ಆ ಮಾತು ಕಿವಿಗೆ ಬಿದ್ದದ್ದೇ ತಡ, ದಳವಾಯಿ ಚುಕ್ಕಿಯ ಹಾಗೇ ತಿರುಗಿದ, ಮೆಲ್ಲಗೆ ಹೆಜ್ಜೆ ಹಾಕಿ ಆಚೆ ಹೋದ, ಬಾಗಿಲು ಎಳೆದುಕೊಂಡ.